ಹಿಂಗಾಲಿಗೆ ಕಟ್ಟಿದ ರುಮಾಲು

2024ರ ಡಿಸೆಂಬರ್ 11, ಬುಧವಾರ, ಬೆಳಿಗ್ಗೆ 10:20. ಕೊಡ್ಲಿಯ ದಾನಮ್ಮ ಸೇಡಂ ಠಾಣೆಗೆ ಬಂದು ಗಂಡನ ಆಧಾರ್ ಕಾರ್ಡನ್ನು ಮೇಜಿನ ಮೇಲೆ ಇಟ್ಟಳು. ಹೆಸರು ಕೇಳಿದರೆ ಬಾಯಿಂದ ಹೇಳಲಿಲ್ಲ. ಕಾರ್ಡಿನ ಮೇಲೆ ಬೆರಳಿಟ್ಟು ತೋರಿಸಿದಳು. ಹೆಡ್ ಕಾನ್‌ಸ್ಟೆಬಲ್ ಪೀರಪ್ಪ ತಾನೇ ಓದಿ ಬರೆದುಕೊಂಡ: ಬೀರೇಶ, ತಂದೆ ಬೀರಲಿಂಗ, ವಯಸ್ಸು 41, ಕುರಿ ಸಾಕಣೆ.

"ಯಾವಾಗ ಹೋಗ್ಯಾರವ್ವ?"

"ಐತವಾರ ಮಧ್ಯಾಹ್ನರಿ. ಚಿತ್ತಾಪುರ ಕಡೆ ಒಂದು ಟಗರು ನೋಡಿ ಬರ್ತೀನಿ, ಸೋಮವಾರ ಮುಂಜಾನಿ ಮನ್ಯಾಗ ಇರ್ತೀನಿ ಅಂದ್ರು."

"ಫೋನು?"

"ಸೋಮವಾರ ಎರಡು ಸಲ ರಿಂಗ್ ಆಯ್ತರಿ. ಮೂರನೇ ಸಲ ಬಂದ್."

"ಮನ್ಯಾಗ ಜಗಳ ಗಿಗಳ?"

"ಜಗಳ ಆಡಿ ಹೋಗಿದ್ರ ನಾ ಯಾಕ ಹುಡುಕ್ತಿದ್ದೆರಿ? ಹಸಿವಾದ್ರ ತಾನೇ ಬರ್ತಾರ ಅಂತ ಕುಂತಿರ್ತಿದ್ದೆ."

ಚಂದ್ರಂಪಳ್ಳಿ ಕೆರೆಯ ಕಡೆ ಅವರ ಕುರಿಹಟ್ಟಿ ಇತ್ತು. ಅಲ್ಲಿಗೆ ಹೋಗಿ ನೋಡಿದ್ದಳು. ಚಂದಾಪುರದ ಸಂತೆಯಲ್ಲಿ ಕೇಳಿದ್ದಳು. ಎಲ್ಲೂ ಇಲ್ಲ.

ಮಾತು ಕೇಳಿ ಇನ್ಸ್‌ಪೆಕ್ಟರ್ ರತ್ನದೀಪ ತಮ್ಮ ಕೋಣೆಯಿಂದ ಹೊರಗೆ ಬಂದರು. ದಾನಮ್ಮ ಎದ್ದು ನಿಂತಳು.

"ಇದ್ದಾರೋ ಇಲ್ಲೋ, ಅಷ್ಟು ಹೇಳ್ರಿ ಸಾಹೇಬ್ರ. ದಿನಾ ಒಂದು ತಾಟು ಬಡಿಸಿ ಮುಚ್ಚಿಡಾಕತ್ತೀನಿ. ಮುಂಜಾನೆದ್ದು ಎಮ್ಮಿಗೆ ಹಾಕಾಕತ್ತೀನಿ. ಹಿಂಗ ಎಷ್ಟು ದಿನ ಅಂತ ಬಡಿಸಲಿ?"

10:55ಕ್ಕೆ ಕಾಣೆಯಾದ ಪ್ರಕರಣ ದಾಖಲಾಯಿತು. ಮೈಮೇಲಿನ ಬಟ್ಟೆಯ ಕಾಲಂ ಬಂದಾಗ ದಾನಮ್ಮ ಹೇಳಿದಳು: ಬಿಳಿ ಧೋತರ, ಖಾಕಿ ಅಂಗಿ, ಹಳದಿ ರುಮಾಲು. ರುಮಾಲಿನ ಅಂಚು ಕಿತ್ತಿತ್ತು, ಅದಕ್ಕೆ ಹಸಿರು ದಾರದ ಹೊಲಿಗೆ ಹಾಕಿದವಳು ತಾನೇ.

ಪೀರಪ್ಪನ ಪೆನ್ನು ನಿಂತಿತು. ಹಳದಿ ಬಟ್ಟೆ, ಹಸಿರು ದಾರ. ಎರಡು ದಿನದ ಹಿಂದೆ ಅದನ್ನು ಅವನು ನೋಡಿದ್ದ. ಮನುಷ್ಯನ ತಲೆಯ ಮೇಲಲ್ಲ.

ಸೋಮವಾರ, ಡಿಸೆಂಬರ್ 9, ಬೆಳಿಗ್ಗೆ 9:10ಕ್ಕೆ ಸೇಡಂ ಊರ ಹೊರಗೆ ಅರಣ್ಯ ಇಲಾಖೆಯವರು ಒಂದು ಗೂಡ್ಸ್ ಆಟೋ ತಡೆದಿದ್ದರು. ಬಂದೋಬಸ್ತಿಗೆ ಹೋದವನು ಪೀರಪ್ಪ. ತೊಗರಿ ಕಟ್ಟಿಗೆಯ ಕೆಳಗೆ ಒಂದು ಗಂಡು ಚಿಗರಿ ಸತ್ತು ಬಿದ್ದಿತ್ತು. ಪುಸ್ತಕದಲ್ಲಿ ಕೃಷ್ಣಮೃಗ ಎನ್ನುತ್ತಾರಲ್ಲ, ಅದು. ಅದರ ಹಿಂಗಾಲಿಗೆ ಹಳದಿ ಬಟ್ಟೆಯ ಚೂರು ಕಟ್ಟಿತ್ತು.

11:40ಕ್ಕೆ ಮೂವರೂ ಅರಣ್ಯ ಕಚೇರಿಯಲ್ಲಿದ್ದರು. ಆಟೋ ಹಿಡಿದ ಅಧಿಕಾರಿ ಜಬೀನಾ ಫೋಟೋ ತೆಗೆದು ತೋರಿಸಿದರು. ಒಂದೇ ಕಾಲಿನ ಮೇಲೆ ಎರಡು ಗುರುತು: ಕೆಳಗೆ ಹಳದಿ ಬಟ್ಟೆ, ಮೇಲೆ ಇಲಾಖೆಯ ತಗಡಿನ ಬಿಲ್ಲೆ, ನಂಬರ್ 17.

"ಚಿಗರಿ ಎಲ್ಲಿ ಅದ ಮೇಡಂ?" ರತ್ನದೀಪ ಕೇಳಿದರು.

"ಪಶು ವೈದ್ಯರು ಕೊಯ್ದು ನೋಡಿದ್ರು. ಕೋರ್ಟಿನ ಅಪ್ಪಣಿ ತೊಗೊಂಡು ನಿನ್ನೆ ಸುಟ್ಟೀವಿ. ಬಟ್ಟಿ ಇಟ್ಟೀವಿ. ಗಂಟು ಬಿಚ್ಚಿಲ್ಲ. ಗಂಟಿನ ಎದುರು ಮಗ್ಗಲಿಗೆ ಕತ್ತರಿಸಿ ತೆಗೆದೀನಿ."

"ಡ್ರೈವರ್ ಏನಂತಾನ?"

"ಎಲ್ಲರೂ ಅಂಬೋದೇ. ನಂದಲ್ಲ, ಇನ್ನೊಬ್ಬರದು, ನಾ ಒಯ್ಯಾಂವ ಅಷ್ಟೇ ಅಂತ. ಕಾಯ್ದೆದಾಗ ಇನ್ನೊಬ್ಬರ ಚಿಗರಿ ಅಂಬೋದೇ ಇಲ್ಲರಿ. ಬದುಕಿದ್ರೂ ಸರ್ಕಾರದ್ದು, ಸತ್ತರೂ ಸರ್ಕಾರದ್ದು. ಹೊಡೆದಾಂವಗ ಎಷ್ಟೋ ಒಯ್ದಾಂವಗೂ ಅಷ್ಟೇ. ಮೂರರಿಂದ ಏಳು ವರ್ಷ."

ಬಟ್ಟೆ ಸೀಲು ಮಾಡಿದ ಪಾರದರ್ಶಕ ಚೀಲದಲ್ಲಿತ್ತು. ದಾನಮ್ಮ ಅದನ್ನು ಬೆಳಕಿಗೆ ಹಿಡಿದಳು.

"ಹೊಲಿಗಿ ನಂದೇ," ಅಂದಳು. ಆಮೇಲೆ ಚೀಲದ ಮೇಲಿನಿಂದಲೇ ಹೆಬ್ಬೆರಳಿನಿಂದ ಗಂಟು ಸವರಿದಳು. ಬಹಳ ಹೊತ್ತು ಸವರಿದಳು.

"ಈ ಗಂಟು ಅವರದಲ್ಲರಿ."

"ಹೆಂಗ ಹೇಳ್ತೀರಿ?"

"ಅವರು ಕುರಿ ಕಾಲು ಕಟ್ಟಿ ಕಟ್ಟಿ ಅದೊಂದೇ ಗಂಟು ಬರ್ತದರಿ. ಒಂದು ಎಳಿ ಜಗ್ಗಿದ್ರ ಬಿಚ್ಚತದ. ನನ್ನ ತಾಳಿ ಗಂಟೂ ಹಂಗೇ ಹಾಕಿದ್ರು. ಮಂದಿ ನಕ್ಕಿದ್ರು, ಹಿರ್‍ಯಾರು ಮತ್ತೊಮ್ಮೆ ಹಾಕಿಸಿದ್ರು. ಇದು ಜಗ್ಗಿದಂಗ ಬಿಗಿ ಆಗೋ ಗಂಟು."

ಪೀರಪ್ಪ ಕಾಗಿಣಾ ದಂಡೆಯ ಊರಿನವನು. ಬಾಗಿ ನೋಡಿದ. "ಮೀನಿನ ಬಲಿ ಹೆಣಿಯೋ ಗಂಟು ಸಾಹೇಬ್ರ. ನಮ್ಮ ಹೊಳಿ ಮಂದೀದು."

"ನಿಮ್ಮ ಮನಿಯವರ ಜೋಡಿ ಹೊಳಿ ಕಡೆಯವರು ಯಾರು ಅಡ್ಡಾಡ್ತಾರವ್ವ?"

"ಒಬ್ಬರೇರಿ. ಶಹಾಬಾದದ ಅಂಬರಾಯಣ್ಣ. ಮೊದಲು ಇಬ್ಬರೂ ಫರ್ಸಿ ಕಲ್ಲಿನ ಖಣ್ಯಾಗ ಕೂಡಿ ದುಡದಾರ. ನನ್ನ ಮಗಳ ಜಾವಳಕ್ಕ ಹೊಳಿ ಮೀನು ತಂದಿದ್ರು." ಮೀನಿನ ನೆನಪು ಈಗ ಯಾಕೆ ಬಂತೋ ಅವಳಿಗೇ ತಿಳಿಯಲಿಲ್ಲ.

ಅದೇ ದಿನ ಮಧ್ಯಾಹ್ನ 3:15. ಕೋರ್ಟಿನ ಅನುಮತಿ ಪಡೆದು ರತ್ನದೀಪ, ಪೀರಪ್ಪ ಇಬ್ಬರೂ ಜೈಲಿನಲ್ಲಿ ಆಟೋ ಚಾಲಕ ಅಣವೀರನನ್ನು ಕಂಡರು. ಮೂವತ್ತರ ಆಸುಪಾಸು, ಗಡ್ಡ ಬಿಟ್ಟಿದ್ದ.

"ಗಾಡ್ಯಾಗ ತೊಗರಿ ಕಟಗಿ ಅದ ಅಂದ್ಯಂತ," ಪೀರಪ್ಪ ಶುರು ಮಾಡಿದ. "ತೊಗರಿ ಕಟಗಿಗೆ ಕೋಡು ಯಾವಾಗಿಂದ ಬಂದಾವೋ ತಮ್ಮಾ?"

ಅಣವೀರ ನೆಲ ನೋಡಿದ.

"ಎಲ್ಲಿಗೆ ಒಯ್ಯಾಕತ್ತಿದ್ದಿ?" ರತ್ನದೀಪ ಕೇಳಿದರು.

ಈ ಒಂದು ಪ್ರಶ್ನೆಗೆ ಅವನು ಅರಣ್ಯ ಇಲಾಖೆಯವರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

"ಬೀರೇಶ ಮೂರು ದಿನದಿಂದ ಮನಿಗೆ ಬಂದಿಲ್ಲ. ಅವನ ಹೆಣ್ತಿ ನಮ್ಮ ಠಾಣ್ಯಾಗ ಕುಂತಾಳ."

ಅಣವೀರ ತಲೆ ಎತ್ತಿದ. "ಬಂದಿಲ್ಲ? ಆ ಅಕ್ಕನ ಮನಿಗೇ ಒಯ್ಯಾಕತ್ತಿದ್ದೆರಿ! ಹೆಸರು ಹೇಳಿದ್ರ ಆಕಿನ್ನೂ ಕೇಸಿನಾಗ ಎಳೀತಾರ ಅಂತ ಹೇಳಲಿಲ್ಲ."

"ಯಾರು ಕಳಿಸಿದ್ರು?"

"ಸೋಮವಾರ ಮುಂಜಾನಿ ಫೋನು ಬಂತರಿ. ಫೋನು ಬೀರೇಶಂದು. ದನಿ ಅವಂದಲ್ಲ."

"ಏನಂತು ಆ ದನಿ?"

"ಹಳೀ ಖಣಿ ಬಾಜೂಕ ತೊಗರಿ ಹೊಲದ ಬದುವಿಗೆ ಬೀರೇಶನ ಚಿಗರಿ ಅದ. ಕೊಡ್ಲಿಗೆ ಒಯ್ದು ಅವನ ಮನಿ ಕೊಟಗ್ಯಾಗ ಇಳಿಸು ಅಂತು. ನೋಡ್ರಿ, ನಮ್ಮ ಕಡೆ ಹೊಡೆದಾಂವ ತನ್ನ ಬಟ್ಟಿ ಹರಿದು ಹಿಂಗಾಲಿಗೆ ಕಟ್ಟತಾನ. ಕಟ್ಟಿದ್ದು ಮತ್ತೊಬ್ಬರು ಮುಟ್ಟಂಗಿಲ್ಲ. ಒಯ್ದಾಂವಗ ಒಂದು ಮುಂಗಾಲು. ಅದು ರೂಢಿ. ಆದ್ರ ಆ ದನಿ, ಇದರಾಗ ಪಾಲು ತೊಗೋಬ್ಯಾಡ, ಇಡೀದು ಮುಟ್ಟಿಸು ಅಂತು." ಅಣವೀರ ಕಿವಿ ಉಜ್ಜಿಕೊಂಡ. "ಅಳಾಕತ್ತಿದ್ದಂಗ ಇತ್ತರಿ. ಇಲ್ಲಿ ಒಳಗ ಕುಂತರೂ ಕೇಳ್ತದ."

ಡಿಸೆಂಬರ್ 12, ಗುರುವಾರ. ಬೆಳಿಗ್ಗೆ 9ಕ್ಕೆ ಕರೆಗಳ ವಿವರ ಕೈಗೆ ಬಂತು. ಬೀರೇಶನ ಫೋನಿನಿಂದ ಕಡೆಯ ಕರೆ ಸೋಮವಾರ 6:52ಕ್ಕೆ, ಅಣವೀರನಿಗೆ. ಟವರ್ ಚಿತ್ತಾಪುರ ಮತ್ತು ವಾಡಿಯ ನಡುವೆ. ಆಮೇಲೆ ಎರಡು ಕರೆ ಬಂದಿವೆ, ಎರಡೂ ದಾನಮ್ಮನವು. ಯಾರೂ ಎತ್ತಿಲ್ಲ.

11:30ಕ್ಕೆ ಜೀಪು ಶಹಾಬಾದಿನ ಹೊಳೆ ಕಡೆಯ ಓಣಿಯಲ್ಲಿ ನಿಂತಿತು. ಬಾಗಿಲಿಗೆ ಬಂದವಳು ಅಂಬರಾಯನ ಹೆಂಡತಿ ಚಂದಮ್ಮ.

"ಅಂಬರಾಯ ಅದಾನೇನು?"

"ಹಿತ್ತಲದಾಗ ಅದಾರರಿ. ಮೂರು ದಿನ ಆತು ಉಂಡಿಲ್ಲ. ಗಳಿಗ್ಗೊಮ್ಮೆ ಏಳ್ತಾರ, ಫೋನು ಬಾರಿಸಾಕತ್ತದ ಎತ್ತು ಅಂತಾರ. ನಮ್ಮ ಮನ್ಯಾಗ ಇರೋದು ಒಂದೇ ಫೋನು, ಅದು ನನ್ನ ಕೈಯಾಗೇ ಇರ್ತದ. ಯಾರರ ಕಣ್ಣು ಬಡಿದಾವೋ ಏನೋ ನೋಡ್ರಿ ಸಾಹೇಬ್ರ."

ಅಂಬರಾಯ ಬೇವಿನ ಗಿಡದ ಕೆಳಗೆ ಬಲೆ ಹರಡಿಕೊಂಡು ಕೂತಿದ್ದ. ಹೆಣೆಯುತ್ತಿರಲಿಲ್ಲ. ಖಾಕಿ ಕಂಡರೂ ಏಳಲಿಲ್ಲ. ಬರಬೇಕಾದವರು ತಡವಾಗಿ ಬಂದರು ಎನ್ನುವಂತೆ ನೋಡಿದ. ಪೀರಪ್ಪ ಬಲೆಯ ಒಂದು ಗಂಟನ್ನು ಬೆರಳಿಗೆ ಎತ್ತಿಕೊಂಡು ರತ್ನದೀಪರಿಗೆ ತೋರಿಸಿದ.

"ಬೀರೇಶನ ಚಿಗರಿಗೆ ನೀ ಯಾಕ ಗಂಟು ಹಾಕಿದಿ?" ರತ್ನದೀಪ ಕೇಳಿದರು.

ಅಂಬರಾಯ ಕೈ ನೋಡಿಕೊಂಡ. "ಮರೆತೆರಿ," ಅಂದ. "ಅವನ ಗಂಟು ಹಾಕಬೇಕಿತ್ತು. ನನ್ನ ಕೈಗೆ ಬರೋದು ಇದೊಂದೇ."

"ಬೀರೇಶ ಎಲ್ಲಿ?"

"ತೋರಸ್ತೀನಿ ನಡೀರಿ."

ಏಳುವ ಮುಂಚೆ ಬಲೆಯ ಚೀಲದ ತಳದಿಂದ ಒಂದು ಬಟನ್ ಫೋನು ತೆಗೆದು ಕೊಟ್ಟ. ಬ್ಯಾಟರಿ ಬೇರೆ, ಫೋನು ಬೇರೆ. "ಮನಿ ಅಂತ ಬರೆದು ಬಂತರಿ ಅದರ ಮ್ಯಾಲ, ಎರಡು ಸಲ. ಬ್ಯಾಟ್ರಿ ತೆಗೆದೆ. ಆದ್ರೂ ಬಾರಿಸ್ತದ."

ವಾಡಿಗೆ ಹೋಗುವ ರಸ್ತೆಯಿಂದ ಒಳಗೆ, ಕಲ್ಲು ತೆಗೆದು ಬಿಟ್ಟ ಹಳೆಯ ಖಣಿ. ಸುತ್ತ ಆಳೆತ್ತರದ ತೊಗರಿ, ಒಣಗಿ ಗಲಗಲ ಸದ್ದು ಮಾಡುತ್ತಿತ್ತು. ಮಧ್ಯಾಹ್ನ 1:50. ತಹಶೀಲ್ದಾರರು ಮತ್ತು ಇಬ್ಬರು ಪಂಚರ ಸಮಕ್ಷಮದಲ್ಲಿ ಅಂಬರಾಯ ಖಣಿಯ ಮೂಲೆಯಲ್ಲಿದ್ದ ಫರ್ಸಿಗಳನ್ನು ತೋರಿಸಿದ. ಒಂಬತ್ತು ಫರ್ಸಿ, ನೆಲಕ್ಕೆ ಹಾಸಿದ ಹಾಗೆ ಅಂಚಿಗೆ ಅಂಚು ಕೂಡಿಸಿ ಇಟ್ಟಿದ್ದವು. ಕೆಳಗೆ ಬೀರೇಶ. ಕುತ್ತಿಗೆಗೆ ಗುಂಡಿನ ಗಾಯ. ತಲೆಯ ಕೆಳಗೆ ಹಳದಿ ರುಮಾಲು ಮಡಿಸಿ ಇಟ್ಟಿತ್ತು. ಅದರ ಒಂದು ಅಂಚು ಹರಿದಿತ್ತು. ಪಕ್ಕದಲ್ಲಿ ಎರಡು ನಾಡಬಂದೂಕು. ಪೀರಪ್ಪ ಪಂಚನಾಮೆ ಬರೆದ. ತೊಗರಿ ಸದ್ದಾದಾಗೆಲ್ಲ ಅಂಬರಾಯ ಆ ಕಡೆ ತಿರುಗುತ್ತಿದ್ದ.

"ಸೋಮವಾರ ಏನಾಯ್ತು?"

"ಭಾಳ ಮಂಜು ಇತ್ತರಿ. ಬೀರೇಶ ಹೊಡೆದ, ಚಿಗರಿ ಬಿತ್ತು. ಅಂವ ಅದನ್ನ ಹಿಡೀಲಾಕ ತೊಗರಿ ಒಳಗ ಬಗ್ಗ್ಯಾನ. ನಾ ಬದುವಿನ ಈ ಕಡೆ ಇದ್ದೆ. ತೊಗರಿ ಅಳ್ಳಾಡ್ತು. ಇನ್ನೊಂದು ಅದ ಅಂದುಕೊಂಡೆ."

"ಕೂಗಿ ಕೇಳಲಿಲ್ಲೇನು?"

"ಬ್ಯಾಟಿಯಾಗ ಕೂಗಂಗಿಲ್ಲರಿ, ಚಿಗರಿ ಓಡ್ತಾವ."

"ದವಾಖಾನಿಗೆ ಯಾಕ ಒಯ್ಯಲಿಲ್ಲ?"

"ಉಸಿರು ಇರಲಿಲ್ಲ. ಬಾಯಿ ತೆರೆದಿತ್ತು, ನನ್ನ ಕರಿಯೋನ ಹಂಗ. ಮೂರು ಹೊಲ ದಾಟಿ ಓಡಿದೆರಿ."

"ಮತ್ತ ತಿರುಗಿ ಯಾಕ ಬಂದಿ?"

"ಚಿಗರಿಗೆ ಗುರುತು ಇರಲಿಲ್ಲಲ್ಲರಿ." ಇದರಲ್ಲಿ ಕೇಳುವುದೇನಿದೆ ಎನ್ನುವಂತೆ ಹೇಳಿದ. "ಗುರುತು ಇಲ್ಲದ್ದು ಹಾದಿ ಮಂದೀದು. ಅವನ ಗುಂಡಿಗೆ ಬಿದ್ದದ್ದು, ಅವನ ಮನಿ ಮುಟ್ಟಬೇಕು."

ಸಂಜೆ 4:10ಕ್ಕೆ ಅಂಬರಾಯನ ಬಂಧನ. ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯ ಮರೆಮಾಚಿದ್ದು, ಪರವಾನಗಿ ಇಲ್ಲದ ಬಂದೂಕು: ಎಫ್‌ಐಆರ್ ಮೂರಕ್ಕೂ ಆಯಿತು. ಚಿಗರಿಯ ಪ್ರಕರಣದಲ್ಲಿ ಜಬೀನಾ ಅವನನ್ನು ಎರಡನೇ ಆರೋಪಿ ಮಾಡಿದರು. ಮೊದಲನೆಯವನು ಅಣವೀರನೇ. ನಿಜ ಹೇಳಿದ್ದನ್ನು ಕೋರ್ಟಿನ ಗಮನಕ್ಕೆ ತರುತ್ತೇನೆ ಎಂದರು. ಅದಕ್ಕಿಂತ ಹೆಚ್ಚಿನದು ಅವರ ಕೈಯಲ್ಲಿ ಇರಲಿಲ್ಲ.

ಕೇಸ್ ಡೈರಿಯಲ್ಲಿ ಕಾರಣದ ಕಡೆ ರತ್ನದೀಪ ಹೀಗೆ ಬರೆದರು: 'ದ್ವೇಷವಿಲ್ಲ. ಹೆದರಿ ಗೆಳೆಯನನ್ನು ಬಚ್ಚಿಟ್ಟಿದ್ದಾನೆ. ಅದೇ ಗಳಿಗೆಯಲ್ಲಿ ಗೆಳೆಯನ ಬೇಟೆಯನ್ನು ಗುರುತು ಕಟ್ಟಿ ಮನೆಗೆ ಕಳಿಸಿದ್ದಾನೆ. ಬಟ್ಟೆ ಕಟ್ಟದೇ ಇದ್ದಿದ್ದರೆ ನಮಗೆ ಏನೂ ಸಿಗುತ್ತಿರಲಿಲ್ಲ.' ಕಡೆಯ ಸಾಲನ್ನು ಎರಡು ಸಲ ಓದಿ ಹಾಗೇ ಬಿಟ್ಟರು.

ಡಿಸೆಂಬರ್ 13, ಶುಕ್ರವಾರ, ಬೆಳಿಗ್ಗೆ 10:45. ದವಾಖಾನೆಯ ಶವಾಗಾರದ ಮುಂದೆ ದಾನಮ್ಮ ರಶೀದಿಗೆ ಹೆಬ್ಬೆಟ್ಟು ಒತ್ತಿದಳು.

"ರುಮಾಲು ಕೊಡ್ತೀರೇನ್ರಿ?"

"ಕೋರ್ಟು ಮುಗಿಯೋತನ ಮುದ್ದೆಮಾಲು ಅವ್ವ, ಸಾಕ್ಷಿಗೆ ಬೇಕು," ಪೀರಪ್ಪ ಹೇಳಿದ. "ಆಮ್ಯಾಲ ನಾನೇ ತಂದು ಮುಟ್ಟಸ್ತೀನಿ."

ಅವಳು ತಲೆಯಾಡಿಸಿದಳು. ಬಿಳಿ ಬಟ್ಟೆಯ ಹೊರಗೆ ಗಂಡನ ಬಲಗಾಲಿನ ಹೆಬ್ಬೆರಳು ಕಾಣುತ್ತಿತ್ತು. ಅದಕ್ಕೆ ದಾರ ಸುತ್ತಿ ನಂಬರಿನ ಚೀಟಿ ಬಿಗಿದಿದ್ದರು.

"ಇದು ಇರಲೇಬೇಕೇನ್ರಿ?"

"ಮಣ್ಣು ಮಾಡೋತನ ಇರಬೇಕವ್ವ."

"ಇರಲಿ. ಗಂಟು ಬಿಗಿ ಆಗ್ಯಾದ."

ಪೀರಪ್ಪ ಅಧಿಕಾರಿಯ ಕಡೆ ನೋಡಿದ. ರತ್ನದೀಪ ಬೇರೆ ಕಡೆ ಮುಖ ತಿರುಗಿಸಿದರು.

ದಾನಮ್ಮ ನೆಲಕ್ಕೆ ಕೂತಳು. ಆ ಗಂಟನ್ನು ಉಗುರಿನಿಂದ ಬಿಡಿಸಿ, ಚೀಟಿಯನ್ನು ಅದೇ ಬೆರಳಿಗೆ ಮತ್ತೆ ಕಟ್ಟಿದಳು. ಒಂದು ಎಳೆ ಜಗ್ಗಿದರೆ ಬಿಚ್ಚಿಕೊಳ್ಳುವ ಹಾಗೆ.