ಎಡಬಾಗಿಲಿನ ಉಬ್ಬುಗಳು

ಹಳೇ ಕಾರಿಗೆ ನಲವತ್ತು ಸಾವಿರ ಕೊಟ್ಟಿದ್ದೆ. ಮೂವತ್ತು ವರ್ಷ ಕಾರುಗಳ ತಗಡು ಬಡಿದವನಿಗೆ ತುಕ್ಕಿನ ಭಯವೇ? ಮನೆಯಂಗಳದಲ್ಲಿ ಎಡಬಾಗಿಲು ಉಜ್ಜಿದಾಗ, ಒಳಗಿಂದ ಗುದ್ದಿದಂಥ ಐದು ಉಬ್ಬುಗಳು ಕಂಡವು. ಬಡಿದು ಸಮ ಮಾಡಿದೆ. ಮರುದಿನ ಆರು ಇದ್ದವು.

“ರೀ, ಎಣಿಸೋಕೂ ಕನ್ನಡಕ ಬೇಕಾ ನಿಮಗೆ?” ಎಂದು ಹೆಂಡತಿ ನಕ್ಕಳು.

ಮತ್ತೆ ಬಡಿದೆ. ನಮ್ಮ ಕೆಲಸದಲ್ಲಿ ಕಣ್ಣನ್ನು ನಂಬಬಾರದು, ಅಂಗೈಯನ್ನೇ ನಂಬಬೇಕು. ಕಣ್ಣು ಮುಚ್ಚಿ ಸವರಿದೆ. ಬಿಸಿಲಿಗೆ ಕಾದ ತಗಡು ಒಂದು ಕಡೆ ಮಾತ್ರ ತಣ್ಣಗೆ ಕೊರೆಯುತ್ತಿತ್ತು. ಕೈ ಸರಿಸಿದೆ. ಆ ತಣುಪೂ ಅಂಗೈಯಡಿಯಲ್ಲೇ ಸರಿಯಿತು. ನಿಲ್ಲಿಸಿದೆ. ತಗಡು ಒಳಗಿಂದ ಮೆಲ್ಲಗೆ ಉಬ್ಬತೊಡಗಿತು.

“ಕೈ ತೆಗೀರಿ!” ಹೆಂಡತಿ ಕಿರುಚಿದಳು. ಅವಳೂ ನೋಡಿದ್ದಳು.

ಸಂಜೆಯೊಳಗೆ ಕಾರನ್ನು ಗುಜರಿಗೆ ಹಾಕಿದೆ. ಆರು ಸಾವಿರ ಬಂತು. ಅಂದಿನಿಂದ ನನ್ನ ಬಲ ಅಂಗೈಗೆ ಬಿಸಿ, ತಣುಪು, ಉಬ್ಬು, ತಗ್ಗು ಒಂದೂ ತಿಳಿಯುವುದಿಲ್ಲ. ಅನ್ನ ಕೊಡುತ್ತಿದ್ದುದು ಅದೇ ಕೈ.