ಮೈನಸ್ ಎಂಬತ್ತರಲ್ಲಿ ಒಂದು ಲಕೋಟೆ

"ಅಲ್ಲಾಡಬೇಡಿ! ಇದ್ದಲ್ಲೇ ನಿಂತ್ಕೊಳ್ಳಿ!"

ಬಾಗಿಲು ತೆರೆದು ಒಂದು ಕಾಲನ್ನಷ್ಟೇ ಒಳಗಿಟ್ಟಿದ್ದ ಹೊಸಬ, ಇನ್ನೊಂದು ಕಾಲನ್ನು ಹೊರಗೇ ಬಿಟ್ಟು ಹಾಗೇ ನಿಂತುಬಿಟ್ಟ. ಪಾಪ, ಕೆಲಸಕ್ಕೆ ಸೇರಿದ ಮೊದಲ ದಿನ!

ಅವಳು ಸೂಕ್ಷ್ಮದರ್ಶಕದ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದಳು. ಕೈಯಲ್ಲಿದ್ದ ಕಡ್ಡಿಯ ತುದಿಯಲ್ಲೊಂದು ಪುಟ್ಟ ಕುಣಿಕೆ. ಅದರಲ್ಲಿ ಒಂದೇ ಒಂದು ಪ್ರೋಟೀನ್ ಹರಳು. ಐದು ತಿಂಗಳು ಕಾದು ಬೆಳೆಸಿದ್ದು...

ಹರಳು ಜಾರಿತು. ಎಲ್ಲಿ ಬಿತ್ತೆಂದು ಹುಡುಕುವಷ್ಟರಲ್ಲಿ ಒಣಗಿಯೇ ಹೋಯಿತು.

"ನೀವು ಬಾಗಿಲು ತೆಗೆದಿದ್ದಕ್ಕೇ ಹೀಗಾಯ್ತು!"

ಕೂಗು ಕೇಳಿ ಪ್ರಯೋಗಾಲಯದ ಮುಖ್ಯಸ್ಥೆ ಓಡಿಬಂದರು. ಹೊಸಬ ಅವಳ ಮುಖವನ್ನೊಮ್ಮೆ ನೋಡಿದ.

"ಹೌದು ಮೇಡಂ, ತಪ್ಪು ನಂದೇ," ಎಂದ.

ತಪ್ಪು ಅವನದಲ್ಲವೆಂದು ಅವಳಿಗೆ ಗೊತ್ತಿತ್ತು. ಏಕೆಂದರೆ ಬಾಗಿಲು ತೆರೆಯುವ ಮೊದಲೇ ಅವಳ ಬಲಗೈ ನಡುಗಿತ್ತು.

ಅಪ್ಪನಿಗೂ ಹೀಗೇ ಶುರುವಾಗಿತ್ತು. ಗಡಿಯಾರ ರಿಪೇರಿ ಮಾಡುತ್ತಿದ್ದ ಅಪ್ಪ! ಕಣ್ಣಿಗೆ ಕಾಣದ ತಿರುಪುಗಳನ್ನು ಲೀಲಾಜಾಲವಾಗಿ ಕೂರಿಸುತ್ತಿದ್ದ ಆ ಕೈಗಳು ಈಗ ಅಂಗಿಯ ಗುಂಡಿ ಹಾಕಲಾರವು. ಅಮ್ಮ ಹಾಕಿಕೊಡುವವರೆಗೆ ಅಪ್ಪ ಗೋಡೆ ನೋಡುತ್ತಾ ನಿಲ್ಲುತ್ತಾರೆ.

ನಮ್ಮ ಒಂದೊಂದು ಜೀವಕೋಶವೂ ಒಳಗೆ ಕೆಟ್ಟುಹೋದ ಸಾಮಾನನ್ನು ಹಿಡಿದು, ಚೀಲಕ್ಕೆ ತುಂಬಿ, ತಾನೇ ತಿಂದು ಕರಗಿಸಿಕೊಳ್ಳುತ್ತದೆ. ಅಪ್ಪನ ಮಿದುಳಿನಲ್ಲಿ ಆ ಕೆಲಸವೇ ಹದಗೆಟ್ಟಿತ್ತು. ಕಸ ಹಿಡಿಯುವ ಪ್ರೋಟೀನಿನ ಆಕಾರ ಕಂಡುಹಿಡಿಯಬೇಕೆಂದು ಅವಳು ಹಟ ತೊಟ್ಟಿದ್ದು ಅದಕ್ಕೇ. ಪ್ರೋಟೀನನ್ನು ಹರಳುಗಟ್ಟಿಸಿ ಎಕ್ಸ್-ರೇ ಹಾಯಿಸಿದರೆ ಆ ಆಕಾರ ಕಾಣುತ್ತದೆ. ಹಗಲೆಲ್ಲ ಹರಳು, ಹರಳು! ಜೊತೆಯವರು ಅವಳಿಗೆ 'ಹರಳಮ್ಮ' ಎಂದೇ ಹೆಸರಿಟ್ಟಿದ್ದರು.

ಅಪ್ಪನ ವಂಶವಾಹಿಯಲ್ಲಿದ್ದ ದೋಷ ತನಗೂ ಬಂದಿದೆಯೇ? ರಕ್ತಪರೀಕ್ಷೆಯ ಉತ್ತರ ಬಂದು ನಾಲ್ಕು ತಿಂಗಳಾಗಿತ್ತು. ಲಕೋಟೆ ತೆರೆಯುವ ಧೈರ್ಯ ಮಾತ್ರ ಬಂದಿರಲಿಲ್ಲ. ಮನೆಯಲ್ಲಿಟ್ಟರೆ ಅಮ್ಮನ ಕೈಗೆ ಸಿಕ್ಕೀತು! ಅದಕ್ಕೇ ಪ್ರಯೋಗಾಲಯದ ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರಿನಲ್ಲಿ, ಯಾರಿಗೂ ಬೇಡವಾಗಿದ್ದ ಒಂದು ಡಬ್ಬಿಯ ತಳದಲ್ಲಿ ಬಚ್ಚಿಟ್ಟಿದ್ದಳು. ಅಲ್ಲಿಟ್ಟರೆ ಭಯವೂ ಹೆಪ್ಪುಗಟ್ಟುತ್ತದೆ ಅಂದುಕೊಂಡಳೋ ಏನೋ, ಹುಚ್ಚು ಹುಡುಗಿ!

ಹೊಸಬನದು ಕಂಪ್ಯೂಟರಿನಲ್ಲಿ ಪ್ರೋಟೀನುಗಳನ್ನು ಓಡಾಡಿಸಿ ನೋಡುವ ಕೆಲಸ. ಬೈಸಿಕೊಂಡವನು ಮುನಿಸಿಕೊಳ್ಳಬೇಕಿತ್ತು. ಅವನೋ, ಮರುದಿನವೇ ಎರಡು ಲೋಟ ಚಹಾ ಹಿಡಿದು ಬಂದ.

"ಹರಳಮ್ಮ ಅವರೇ, ಈಗ ಅಲ್ಲಾಡಬಹುದಾ?"

ಅವಳಿಗೆ ನಗು ತಡೆಯಲಾಗಲಿಲ್ಲ.

ಮೂರು ವಾರ ಕಳೆಯಿತು. ಒಂದು ಮಧ್ಯಾಹ್ನ ಅವನು ತನ್ನ ಪರದೆಯ ಮುಂದೆ ಅವಳನ್ನು ಕೂರಿಸಿದ. ಅವಳದೇ ಪ್ರೋಟೀನು! ಆದರೆ ಅದಕ್ಕೊಂದು ಉದ್ದನೆಯ ಬಾಲ, ಅತ್ತಿತ್ತ ಬಳುಕುತ್ತಿತ್ತು.

"ಈ ಬಾಲಾನ ನಾನು ಒಂದು ವರ್ಷದ ಹಿಂದೇನೇ ಕತ್ತರಿಸಿ ಹಾಕಿದ್ದೆ," ಎಂದಳು. "ಒಂದು ಕಡೆ ನಿಲ್ಲಲ್ಲ. ಇದು ಇದ್ರೆ ಹರಳೇ ಕಟ್ಟಲ್ಲ."

"ಹರಳಿಗೆ ಬೇಡ ಸರಿ... ಕಸ ಹಿಡಿಯೋಕೆ ಅದೇ ಬೇಕಾಗಿದ್ರೆ?"

ಅವನ ಭುಜ ಅವಳ ಭುಜಕ್ಕೆ ತಾಗುವಷ್ಟು ಹತ್ತಿರವಿತ್ತು. 'ಬೇಡ... ಇವನನ್ನು ಇಷ್ಟಪಟ್ಟು, ನಾಳೆ ಇವನ ಮುಂದೆಯೂ ಗುಂಡಿ ಹಾಕಿಸಿಕೊಳ್ಳಲು ನಿಲ್ಲಬೇಕಾ?' ಥಟ್ಟನೆ ಎದ್ದು ಹೋದಳು.

ಮುಂದಿನ ಸೋಮವಾರ ರಜೆ ಹಾಕಿ ಅಪ್ಪನನ್ನು ವೈದ್ಯರ ಬಳಿ ಕರೆದೊಯ್ದಳು. ಮಂಗಳವಾರ ಬೆಳಿಗ್ಗೆ ಬಂದರೆ ಮೇಡಂ ಬಾಗಿಲಲ್ಲೇ ಸಿಕ್ಕರು.

"ಇನ್ಮೇಲೆ ನೀನು ಹರಳು ಎತ್ತೋದು ಬೇಡಮ್ಮ. ಆ ಹೊಸಬರೇ ಹೇಳಿದ್ರು, ನನಗೂ ಸರಿ ಅನ್ನಿಸ್ತು. ವಿವರ ಅವರನ್ನೇ ಕೇಳು," ಎಂದು ಅವಸರದಲ್ಲಿ ಹೊರಟುಹೋದರು.

ಅಂದರೆ... ಅವನು ನೋಡಿದ್ದಾನೆ! ನನ್ನ ಕೈ ನಡುಗಿದ್ದನ್ನು ನೋಡಿ, ಹೋಗಿ ಹೇಳಿಬಿಟ್ಟಿದ್ದಾನೆ!

ಅವನು ಫ್ರೀಜರ್ ಕೋಣೆಯಲ್ಲಿದ್ದ. ದಪ್ಪ ಕೈಗವಸು ತೊಟ್ಟು ಡಬ್ಬಿಯೊಂದರಿಂದ ಟ್ಯೂಬುಗಳನ್ನು ತೆಗೆಯುತ್ತಿದ್ದ. ಅದೇ ಡಬ್ಬಿ!

"ದೂರು ಕೊಟ್ರಲ್ಲ, ಸಮಾಧಾನ ಆಯ್ತಾ?" ಅವಳು ಬಾಗಿಲಿನಿಂದಲೇ ಕೂಗಿದಳು. "ನನ್ನ ಕೈ ನಡುಗೋದನ್ನ ನೋಡಿದ್ರಿ, ಅಲ್ವಾ?"

"ನೋಡಿದ್ದೆ. ಮೊದಲ ದಿನಾನೇ. ಬಾಗಿಲಲ್ಲಿ ಗಾಜಿದೆಯಲ್ಲ."

"ಮತ್ತೆ ತಪ್ಪು ನಂದು ಅಂದಿದ್ದು ಯಾಕೆ?"

"ಹರಳು ಹೋಯ್ತು ಅಂತ ಯಾರೂ ಅಷ್ಟು ಹೆದರಲ್ಲ. ನೀವು ಬೇರೆ ಯಾವುದಕ್ಕೋ ಹೆದರಿದ್ರಿ. ನಿಮ್ಮ ಕೈ ವಿಷಯ ನಾನು ಯಾರಿಗೂ ಹೇಳಿಲ್ಲ." ಅವನು ಟ್ಯೂಬೊಂದನ್ನು ಎತ್ತಿ ತೋರಿಸಿದ. "ಹೇಳಿದ್ದು ಇದರ ಬಗ್ಗೆ. ನೀವು ಎಸೆಯದೆ ಇಟ್ಟಿದ್ರಲ್ಲ, ಬಾಲ ಇರೋ ಪ್ರೋಟೀನು. ನಿನ್ನೆ ಮೇಡಂ ಜೊತೆ ಒಂದು ಟ್ಯೂಬ್ ಪರೀಕ್ಷೆ ಮಾಡಿದೆ. ಹಿಡೀತು ಕಣ್ರೀ! ಬಾಲ ಇಲ್ಲದ್ದು ಒಂದು ಸಲಾನೂ ಕಸ ಹಿಡಿದಿರಲಿಲ್ಲ, ಇದು ಹಿಡೀತು! ಅದಕ್ಕೇ ಬಾಲ ಇಲ್ಲದ ಹರಳು ಇನ್ನು ಬೇಡ ಅಂದೆ."

ಅವಳು ದಂಗಾದಳು. ಒಂದು ವರ್ಷ... ಅಲುಗಾಡುತ್ತದೆ ಎಂಬ ಒಂದೇ ಕಾರಣಕ್ಕೆ, ಕೆಲಸ ಮಾಡುವ ಭಾಗವನ್ನೇ ಕತ್ತರಿಸಿ ಬದಿಗಿಟ್ಟಿದ್ದಳು!

ಅಷ್ಟರಲ್ಲಿ ಅವನು ಕೊನೆಯ ಸಾಲಿನ ಟ್ಯೂಬುಗಳನ್ನು ಎತ್ತಿದ. ತಳದಲ್ಲಿ ಮಂಜು ಮೆತ್ತಿದ ಲಕೋಟೆ.

"ಮುಟ್ಟಬೇಡಿ!"

ಕಿತ್ತುಕೊಂಡ ಲಕೋಟೆ ಬೆರಳನ್ನು ಸುಡುವಷ್ಟು ತಣ್ಣಗಿತ್ತು. ಅವಳು ಗೋಡೆಗೊರಗಿ ಕುಸಿದು ಕೂತಳು. ಅಪ್ಪನ ಕೈ, ರಕ್ತಪರೀಕ್ಷೆ, ನಾಲ್ಕು ತಿಂಗಳ ನಿದ್ದೆಗೇಡು... ಬಿಕ್ಕುತ್ತಾ ಎಲ್ಲವನ್ನೂ ಹೇಳಿದಳು.

ಅವನು ಟ್ಯೂಬುಗಳನ್ನು ಒಳಗಿಟ್ಟು, ಫ್ರೀಜರ್ ಮುಚ್ಚಿ, ಎದುರಿಗೇ ನೆಲದ ಮೇಲೆ ಕೂತ.

"ತೆರೀತೀನಿ," ಎಂದಳು. "ಇನ್ನು ತಡ್ಕೊಳ್ಳೋಕಾಗಲ್ಲ."

"ಒಂದು ನಿಮಿಷ! ತೆರೆಯೋ ಮೊದಲೇ ನಾನೊಂದು ಹೇಳ್ಬೇಕು. ಆಮೇಲೆ ಹೇಳಿದ್ರೆ ಕರುಣೆಗೆ ಹೇಳ್ದ ಅಂತೀರ. ಇಲ್ಲಾಂದ್ರೆ, ಕಾಯಿಲೆ ಇಲ್ಲ ಅಂತ ಗೊತ್ತಾದ್ಮೇಲೆ ಧೈರ್ಯ ಬಂತು ಅಂತೀರ. ನನಗೆ ನೀವು ಬೇಕು. ಆ ಕಾಗದದಲ್ಲಿ ಏನೇ ಇರಲಿ. ಈಗ ತೆರೀರಿ."

ನಡುಗುವ ಬೆರಳುಗಳಿಂದ ಲಕೋಟೆ ಹರಿದಳು. ಓದಿದಳು. ಮತ್ತೊಮ್ಮೆ ಓದಿದಳು.

"ಇದೆ..." ಎಂದಳು ಪಿಸುದನಿಯಲ್ಲಿ. "ಅಪ್ಪನ ದೋಷ ನನಗೂ ಇದೆ."

ಅವನು ಎದ್ದು ಹೋಗಲಿಲ್ಲ. ಕೈಗವಸು ಕಳಚಿ ಅಂಗೈ ಚಾಚಿದ.

"ಇದ್ದೋರಿಗೆಲ್ಲ ಕಾಯಿಲೆ ಬಂದೇ ಬರುತ್ತಾ?"

"ಹಾಗೇನಿಲ್ಲ... ಬರದೇನೂ ಇರಬಹುದು. ನನಗೆ ಭಯ ಆಗ್ತಿದೆ ಕಣ್ರೀ!"

"ನನಗೂ."

ಅವಳು ಆ ಕೈ ಹಿಡಿದಳು. ಹಿಡಿದವಳು ಬೆಚ್ಚಿಬಿದ್ದಳು.

"ನಿಮ್ಮ ಕೈಯೂ ನಡುಗ್ತಿದೆ!"

"ಮತ್ತೇನು? ನಾನು ಹೇಳಿದ್ದಕ್ಕೆ ನೀವಿನ್ನೂ ಹೂಂ ಅಂದಿಲ್ವಲ್ಲ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

"ಮುಂದೊಂದು ದಿನ ನನ್ನ ಕೈ ನಡುಗೋದು ನಿಲ್ಲದೇ ಹೋದ್ರೆ?"

"ನಡುಗಲಿ. ಅಲ್ಲಾಡಬೇಡಿ ಅಂತ ನಾನಂತೂ ಹೇಳಲ್ಲ."

"...ಹೂಂ," ಎಂದಳು ಹರಳಮ್ಮ.