ಅಂಗಡಿ ನುಂಗಿದ ಪ್ರಶ್ನೆ

"ಅಳವಿ ಉಂಡಿ ಮ್ಯಾಲ ತೊಗೊ. ಕೊಬ್ಬರಿ ಕೆಳಗ ಇಡು. ಆ ಹಳದಿ ಬಣ್ಣ ಕಣ್ಣಿಗೆ ಹೊಡೀತೈತಿ, ಸ್ವಲ್ಪ ತಿಳಿ ಮಾಡು," ಎಂದು ಶಾಹಿದಾ ಅತ್ತಾರ ತನ್ನ ಫೋನಿಗೆ ಹೇಳಿದಳು. ಗದಗಿನ ಅವಳ ಅಂಗಡಿಯಲ್ಲಿ ಡಬ್ಬಿಗಳು ಇದ್ದಲ್ಲೇ ಇದ್ದವು. ಫೋನಿನೊಳಗಿನ ಅಂಗಡಿ ಮಾತ್ರ ಅವಳ ಮಾತು ಮುಗಿಯುವಷ್ಟರಲ್ಲಿ ಬೇರೆಯಾಗಿತ್ತು.

ಹೀಗೆ ಮಾತು ಕೇಳಿ ಅಂಗಡಿ ಬದಲಿಸುವ ತಂತ್ರಾಂಶದ ಹೆಸರು ಹೊಂದಿಕೆ. ಹಿಂದೆಲ್ಲ ಆನ್‌ಲೈನ್ ಅಂಗಡಿ ತೆರೆಯುವವರು ಟೆಂಪ್ಲೇಟ್ ಎಂಬ ಸಿದ್ಧ ಅಚ್ಚನ್ನು ಕೊಳ್ಳುತ್ತಿದ್ದರು. ಚಿತ್ರ ಇಲ್ಲೇ, ಬೆಲೆ ಅಲ್ಲೇ. ಒಂದು ಗುಂಡಿ ಸರಿಸಬೇಕೆಂದರೂ ಕೋಡ್ ಬಲ್ಲವರ ಕಾಲು ಹಿಡಿಯಬೇಕು. ಧಾರವಾಡದ ಇಂದುಧರ ಹೊಸಮನಿ ಎಂಬ ವಿಜ್ಞಾನಿ ಆ ಅಚ್ಚನ್ನು ಒಡೆದು ಸಣ್ಣ ಸಣ್ಣ ಬಿಲ್ಲೆಗಳಾಗಿ ಮಾಡಿದ. ತಾವೇ ಜರುಗುವ, ಹಿಗ್ಗುವ, ಕುಗ್ಗುವ ಬುದ್ಧಿಯನ್ನು ಅವಕ್ಕೆ ಕೊಟ್ಟ. ಅಂಗಡಿಯವರು ತಮ್ಮ ಮಾತಿನಲ್ಲಿ ಹೇಳಿದರೆ ಸಾಕಿತ್ತು. ಅವನು ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕತೆ ಹುಟ್ಟುತ್ತಿರಲಿಲ್ಲ. ನಿಲ್ಲಿಸುವುದು ಜಾಣರಿಗೆ ಕಷ್ಟ. ಗಿರಾಕಿಯ ಕಣ್ಣು ಎಲ್ಲಿ ತಂಗಿತು, ಹೆಬ್ಬೆರಳು ಎಲ್ಲಿ ಬೇಸರಪಟ್ಟಿತು ಎಂಬುದನ್ನು ಗಮನಿಸಿ ಬಿಲ್ಲೆಗಳು ಜಾಗ ಬದಲಿಸುವಂತೆಯೂ ಮಾಡಿದ. ಹಾಗಾಗಿ ಒಂದೇ ಅಂಗಡಿ ಬಂದವರಿಗೆಲ್ಲ ಅವರವರ ಮನಸ್ಸಿನಂತೆ ಕಾಣತೊಡಗಿತು. ವ್ಯಾಪಾರ ಎಲ್ಲರಿಗೂ ಏರಿತು.

ಅತ್ತಾರರ ಅಂಗಡಿ ಎಂದರೆ ಬರೀ ಅತ್ತರಲ್ಲ. ಆ ಕಡೆಯ ಜನ ಬಾಣಂತಿ ಸಾಮಾನಿಗೆ ಹೋಗುವುದೂ ಅಲ್ಲಿಗೇ. ಅಳವಿ ಎಂಬ ಕೆಂಪು ಬೀಜದ ಉಂಡೆ ಬಾಣಂತಿಗೆ ಹಾಲು ತರಿಸುತ್ತದೆ, ಆದರೆ ಬಸುರಿಯ ಬಾಯಿಗೆ ಬೀಳಬಾರದು, ಹೊತ್ತಿಗೆ ಮುಂಚೆ ನೋವು ಬರಿಸುತ್ತದೆ ಎಂದು ಶಾಹಿದಾಳ ಮನೆತನ ನಂಬಿಕೊಂಡು ಬಂದಿತ್ತು. ಅವಳ ಅತ್ತೆ, ಆ ಅತ್ತೆಯ ಅತ್ತೆ, ಎಲ್ಲರೂ ತಕ್ಕಡಿ ಮುಟ್ಟುವ ಮುಂಚೆ ಕೇಳುತ್ತಿದ್ದುದು ಒಂದೇ ಮಾತು: "ಕೂಸು ಹುಟ್ಟೇತೇನು?" ಉತ್ತರ ಬರುವತನಕ ತಕ್ಕಡಿ ಏಳುತ್ತಿರಲಿಲ್ಲ. ಶಾಹಿದಾ ಆ ಪ್ರಶ್ನೆಯನ್ನೇ ಪುಟದ ನೆತ್ತಿಯ ಮೇಲೆ ಹಾಕಿಸಿದ್ದಳು. ಅದು ಅಲ್ಲಿದೆಯೋ ಇಲ್ಲವೋ ಎಂದು ದಿನಾ ಬೆಳಿಗ್ಗೆ ನೋಡುತ್ತಿದ್ದಳು. ಇರುತ್ತಿತ್ತು. ಪುಟವೇ ಕೇಳುತ್ತದಲ್ಲ ಎಂದು ಗಿರಾಕಿಗಳಿಗೆ ಫೋನ್ ಮಾಡುವುದನ್ನು ಬಿಟ್ಟಿದ್ದಳು.

ಹೀಗಿರುವಾಗ ದಾವಣಗೆರೆಯ ವಂಶಿಕಾ ಎಂಬ ಹುಡುಗಿಯಿಂದ ಒಂದು ಸಂದೇಶ ಬಂತು. "ಉಂಡೆ ತುಂಬಾ ಚೆನ್ನಾಗಿದಾವೆ ಆಂಟಿ. ನಂಗೀಗ ಏಳನೇ ತಿಂಗಳು, ದಿನಾ ತಿಂತಿದೀನಿ."

ಶಾಹಿದಾ ಕೂಡಲೇ ಅವಳಿಗೆ ಫೋನ್ ಮಾಡಿದಳು. ರಿಂಗ್ ಆಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ಕೊನೆಗೆ ಇಂದುಧರನಿಗೆ ಫೋನ್ ಹಚ್ಚಿ ವಿಷಯ ಹೇಳಿದಳು.

"ಹುಟ್ಟೇತಿ ಅಂತ ಸುಳ್ಳ ಒತ್ತಿರಬೇಕ್ರೀ ಆಕಿ," ಎಂದ ಇಂದುಧರ. ಮಾತಾಡುತ್ತಲೇ ಅವಳ ಅಂಗಡಿಯನ್ನು ತೆರೆದು ನೋಡಿದ. "ಪ್ರಶ್ನೆ ಇಲ್ಲೇ ಐತಲ್ಲ, ದೊಡ್ಡದಾಗಿ."

"ನನಗೂ ಕಾಣ್ತೈತ್ರಿ ಸರ್. ಆಕಿಗೆ ಕಂಡಿತ್ತೇನು?"

ಆಗ ಇಂದುಧರನಿಗೆ ಹೊಳೆಯಿತು. ಆ ಪ್ರಶ್ನೆ ಎದುರಾದ ಕೂಡಲೇ ಬಹಳ ಗಿರಾಕಿಗಳು ಅಂಗಡಿ ಬಿಟ್ಟು ಹೋಗಿರುತ್ತಾರೆ. ಅದನ್ನು ಕಲಿತ ಬಿಲ್ಲೆ ಅವಸರದವರು ಬಂದಾಗ ಕುಗ್ಗಿರುತ್ತದೆ, ಕುಗ್ಗಿ ಕುಗ್ಗಿ ಇಲ್ಲವಾಗಿರುತ್ತದೆ. ಅದನ್ನೇ ಹುಡುಕಿಕೊಂಡು ಬರುವ ಶಾಹಿದಾಳಿಗೆ, ಈಗ ಹುಡುಕಿದ ತನಗೆ, ಢಾಳಾಗಿ ಕಾಣುತ್ತದೆ. ಯಂತ್ರ ಕೆಟ್ಟಿರಲಿಲ್ಲ. ಅವನು ಹೇಳಿಕೊಟ್ಟದ್ದನ್ನೇ ಮಾಡಿತ್ತು. ಅದನ್ನು ಶಾಹಿದಾಳಿಗೆ ಬಿಡಿಸಿ ಹೇಳಿದ.

"ಹಿಂಗ ಎಷ್ಟ ಮಂದಿಗೆ ಆಗೇತ್ರಿ?" ಎಂದು ಶಾಹಿದಾ ಕೇಳಿದಳು.

"ಗೊತ್ತಿಲ್ರಿ. ಗಿರಾಕಿ ಹೊರಗ ಹೋದ ಕೂಡಲೇ ಅವರು ನೋಡಿದ ಪುಟ ಅಳಿಸಿ ಹೋಗ್ತದ. ಎಲ್ಲಾರ ಪುಟಾನೂ ಇಟ್ಕೊಂಡ್ರ ಜಾಗ ಸಾಲೂದಿಲ್ಲ ಅಂತ ನಾನಽ ಹಂಗ ಮಾಡೀನಿ."

ಅವನು ಕೂತಲ್ಲೇ ಆ ಒಂದು ಬಿಲ್ಲೆಯನ್ನು ಜರುಗದಂತೆ, ಕುಗ್ಗದಂತೆ ಬಿಗಿದ. ಇನ್ನು ಮೇಲೆ ಯಾರೇ ಆ ಅಂಗಡಿ ತೆರೆದರೂ ಪ್ರಶ್ನೆ ಎದುರಿಗೇ ನಿಲ್ಲುತ್ತದೆ. ಶಾಹಿದಾಳ ಮನೆಯ ಹೆಣ್ಣುಮಕ್ಕಳು ಉಂಡೆ ಕೊಂಡವರಿಗೆಲ್ಲ ಫೋನ್ ಮಾಡಲು ಕೂತರು. ಕಡೆಗೂ ದಾವಣಗೆರೆಯಿಂದ ಉತ್ತರ ಬಂತು. ಮಾತಾಡಿದ್ದು ವಂಶಿಕಾಳ ಅತ್ತೆ ಶಿಲ್ಪಾ. ಸೊಸೆಗೆ ಹೊಟ್ಟೆನೋವು ಬಂದಿದೆ, ಆಸ್ಪತ್ರೆಗೆ ಸೇರಿಸಿದ್ದೇವೆ ಎಂದರು.

ಶಾಹಿದಾ ಮತ್ತು ಇಂದುಧರ ಹುಬ್ಬಳ್ಳಿಯಲ್ಲಿ ಕೂಡಿಕೊಂಡು ದಾವಣಗೆರೆಯ ರೈಲು ಹತ್ತಿದರು. ದಾರಿಯುದ್ದಕ್ಕೂ ಶಾಹಿದಾ ದುವಾ ಮಾಡುತ್ತಿದ್ದಳು. ಇಂದುಧರನಿಗೆ ಯಾವ ದೇವರನ್ನು ಯಾವ ಬಾಯಿಂದ ಕೇಳಬೇಕೆಂದು ತಿಳಿಯಲಿಲ್ಲ.

ಆಸ್ಪತ್ರೆಯಲ್ಲಿ ವೈದ್ಯೆ ಸ್ವಲ್ಪ ಧೈರ್ಯದ ಮಾತಾಡಿದರು. ನೋವು ತಗ್ಗಿದೆ, ಮಗುವಿನ ಎದೆಬಡಿತ ಸರಿಯಾಗಿದೆ, ಆದರೂ ಕೆಲವು ದಿನ ಕಣ್ಣಿಟ್ಟು ನೋಡಬೇಕು. ಉಂಡೆಯಿಂದಲೇ ಆಯಿತು ಎನ್ನಲಾರೆ, ಅಲ್ಲ ಎಂದೂ ಹೇಳಲಾರೆ ಎಂದರು. ವಂಶಿಕಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅತ್ತು ಅತ್ತು ಅವಳ ಕಣ್ಣು ಊದಿದ್ದವು. ಪಕ್ಕದಲ್ಲಿ ಕೂತ ಶಿಲ್ಪಾ ಸೊಸೆಯ ಫೋನನ್ನೇ ಕೈಯಲ್ಲಿ ಹಿಡಿದಿದ್ದರು.

"ನೋಡ್ರಿ, ನೀವೇ ನೋಡ್ರಿ," ಎಂದು ಅವರು ಫೋನನ್ನು ಇಂದುಧರನ ಮುಂದೆ ಹಿಡಿದರು. "ಕೂಸು ಹುಟ್ಟೈತಾ ಅಂತ ಇಷ್ಟು ದೊಡ್ಡ ಅಕ್ಷರದಾಗೆ ಕೇಳೈತಿ. ಇವಳು ನೋಡಿದ್ರೆ ಕೇಳೇ ಇಲ್ಲ ಅಂತಾಳೆ. ತಪ್ಪಾತು ಅಂತ ಒಪ್ಕೊಂಡ್ರೆ ನಾನೇನು ನುಂಗ್ತೀನಾ?"

ಅದು ಇಂದುಧರ ತಾನೇ ಬಿಗಿದು ನಿಲ್ಲಿಸಿದ ಬಿಲ್ಲೆ.

"ಅಮ್ಮಾ, ನಿಮ್ಮ ಸೊಸಿ ಹೇಳೂದು ಖರೇ ಐತ್ರಿ. ಈಗ ಕಾಣೂದನ್ನ ನಾನು ಇವತ್ತ ಬಿಗಿ ಮಾಡೀನಿ. ಮೊದಲೂ ಇತ್ತು, ಆದ್ರ ಇವರಿಗೆ ಕಾಣಿಸಿರಲಿಲ್ಲ."

"ಇತ್ತು, ಆದ್ರೆ ಕಾಣ್ಲಿಲ್ಲ." ಶಿಲ್ಪಾ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಅಂದ್ರೆ ಇವಳು ನೋಡ್ಲಿಲ್ಲ ಅಂತ ತಾನೇ?"

"ಹಂಗಲ್ರೀ. ಆ ಪುಟದಾಗ ಇವರಿಗೆ ಆ ಪ್ರಶ್ನೆ ಬಂದಿರಲೇ ಇಲ್ಲ."

"ಹಂಗಾರೆ ಆ ಪುಟ ತೋರಿಸ್ರಿ."

ತೋರಿಸಲು ಪುಟ ಇರಲಿಲ್ಲ. ಶಾಹಿದಾ ತಲೆ ತಗ್ಗಿಸಿ, "ನಾನು ಬಾಯಿಲೆ ಕೇಳಬೇಕಿತ್ರಿ," ಎಂದಳು. ಅದನ್ನು ಶಿಲ್ಪಾ ಒಳ್ಳೆಯ ಹೆಂಗಸಿನ ಉಪಚಾರದ ಮಾತೆಂದು ತಿಳಿದು ಅವಳಿಗೆ ಕುರ್ಚಿ ಸರಿಸಿಕೊಟ್ಟರು.

ಇಂದುಧರನಿಗೆ ತನ್ನ ಬಾಲ್ಯ ನೆನಪಾಯಿತು. ಈ ಶತಮಾನದ ಮೂರನೆಯ ದಶಕ. ಅವ್ವನ ಫೋನಿನಲ್ಲಿ ಒಂದು ಕಂಡರೆ ಅಪ್ಪನ ಫೋನಿನಲ್ಲಿ ಇನ್ನೊಂದು ಕಾಣುತ್ತಿತ್ತು. ಅಂಗಡಿ ಅದೇ, ಸುದ್ದಿಯೂ ಅದೇ ಊರಿನದು. ನಮಗೆ ಬೇಕಾದದ್ದು ಇದಕ್ಕೆ ಎಷ್ಟು ಚೆನ್ನಾಗಿ ಗೊತ್ತು ಎಂದು ಮನೆಮಂದಿಯೆಲ್ಲ ಖುಷಿಪಡುತ್ತಿದ್ದರು. ನಮಗೆ ತೋರಿಸದೆ ಬಿಟ್ಟದ್ದು ಏನು ಎಂದು ಆಗ ಒಬ್ಬರೂ ಕೇಳಲಿಲ್ಲ. ಕೇಳಲು ಆಗ ಇನ್ನೂ ಕಾಲ ಮಿಂಚಿರಲಿಲ್ಲ ಎಂದು ಈಗ ಅನ್ನಿಸಿ ಅವನಿಗೆ ತನ್ನ ಮೇಲೂ ಅವರ ಮೇಲೂ ಸಿಟ್ಟು ಬಂತು.

ಅವನು ಮಂಚದ ಹತ್ತಿರ ಹೋದ. "ತಪ್ಪು ನಿಮ್ಮದಲ್ಲಮ್ಮ. ನೀವು ನೋಡಿದಾಗ ಅದು ಇರಲಿಲ್ಲ. ಬೇಕಾದ್ರ ಬರದು ಕೊಡ್ತೀನಿ."

ವಂಶಿಕಾ ನಿಧಾನವಾಗಿ ಹೊರಳಿ, ಅತ್ತೆಯ ಕೈಯಿಂದ ಫೋನನ್ನು ತೆಗೆದುಕೊಂಡಳು. ಆ ಪ್ರಶ್ನೆಯನ್ನು ಬಹಳ ಹೊತ್ತು ನೋಡಿದಳು. ಬೆರಳಿನಿಂದ ಮೇಲೆ ಕೆಳಗೆ ಜರುಗಿಸಿ ನೋಡಿದಳು. ಅದು ಜರುಗಲಿಲ್ಲ.

"ಇದ್ದಿರ್ಬೇಕು ಬಿಡಿ ಸರ್," ಎಂದಳು. "ನಾನೇ ಸರಿಯಾಗಿ ನೋಡಿಲ್ಲ ಅನ್ಸುತ್ತೆ."